ಹನ್ನೆರಡು ಸುಳಿವು, ಮೂವತ್ತೆರಡು ಮನೆ: ಒಂದು ದಿನದ ಪದಬಂಧ ಬಿಡಿಸಿದ ಬಗೆ

ಪದಬಂಧ ಬಿಡಿಸಲು ತುಂಬ ಶಬ್ದ ಗೊತ್ತಿರಬೇಕು ಅನ್ನುವುದು ಅರ್ಧ ಮಾತ್ರ ನಿಜ. ಶಬ್ದ ಹೆಚ್ಚು ಗೊತ್ತಿದ್ದವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುವುದೂ ಉಂಟು. ಅವರಿಗೆ ಒಂದೊಂದು ಸುಳಿವಿಗೂ ಮೂರು ನಾಲ್ಕು ಉತ್ತರ ಹೊಳೆಯುತ್ತವೆ, ಮೊದಲು ಹೊಳೆದದ್ದನ್ನು ಬರೆದುಬಿಡುತ್ತಾರೆ. ಅಲ್ಲಿಂದ ಮುಂದೆ ತಪ್ಪು ಉತ್ತರ ತಾನು ತಪ್ಪಾಗಿರುವುದಲ್ಲದೆ ಪಕ್ಕದ ಸರಿ ಉತ್ತರಗಳನ್ನೂ ಒಳಗೆ ಬಿಡುವುದಿಲ್ಲ. ಇಲ್ಲಿ ಬರೆದಿರುವುದು ಅಂಥದ್ದೇ ಒಂದು ಬೆಳಗಿನ ಪದಬಂಧದ ಕಥೆ. ಪೂರಾ ಚೌಕವನ್ನೂ ಸುಳಿವುಗಳನ್ನೂ ಕೊಟ್ಟಿದ್ದೇನೆ. ಓದುವ ಮೊದಲು ನೀವೇ ಒಂದು ಕೈ ನೋಡಬೇಕೆನಿಸಿದರೆ ಚೌಕದ ಹತ್ತಿರ ನಿಲ್ಲಿ.

ಬಿಡಿಸುತ್ತಿದ್ದವರು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮ. ಆ ಊರಿಗೆ ಪೇಪರ್ ಬರುವುದೇ ಬೆಳಗಿನ ಬಸ್ಸಿನಲ್ಲಿ. ತಿಂಡಿ ಪಾತ್ರೆ ತೊಳೆದಿಟ್ಟು, ಜಗಲಿಯಲ್ಲಿ ಕೂತು, ಮೊದಲು ನಿಧನವಾರ್ತೆ, ಆಮೇಲೆ ಅಡಿಕೆ ಧಾರಣೆ, ಅದಾದ ಮೇಲೆ ಪದಬಂಧ. ಈ ಕ್ರಮ ತಪ್ಪುವುದಿಲ್ಲ. ಬರೆಯುವುದು ಬಾಲ್‌ಪೆನ್ನಿನಲ್ಲಿ. ಪೆನ್ಸಿಲ್ ಹಿಡಿಯುವುದು ಧೈರ್ಯವಿಲ್ಲದವರ ಲಕ್ಷಣ ಅನ್ನುವುದು ಅವರ ಅಭಿಪ್ರಾಯ. ಅವತ್ತಿನ ಗೊಂದಲದಲ್ಲಿ ಈ ಪೆನ್ನಿಗೂ ಪಾಲಿದೆ.

ಚೌಕ ಸಣ್ಣದು: ಅಡ್ಡಕ್ಕೆ ಏಳು ಮನೆ, ಉದ್ದಕ್ಕೆ ಏಳು ಮನೆ. ಕಪ್ಪು ಮನೆ ಬಿಟ್ಟರೆ ತುಂಬಬೇಕಾದ್ದು 32.

1 ■ 2 ■ 3 □ 4
5 □ □ ■ ■ ■ □
□ ■ 6 □ 7 □ □
■ ■ □ ■ □ ■ ■
8 □ □ □ □ ■ 9
□ ■ ■ ■ □ ■ □
10 □ □ ■ 11 □ □

ಎಡದಿಂದ ಬಲಕ್ಕೆ
3. ಮಳೆ ಬಿದ್ದರೆ ಅರಳುವ ಕೊಡೆ (3)
5. ಧಾನ್ಯ ತುಂಬಿಡುವ ಜಾಗ (3)
6. ಶಿವನಸಮುದ್ರದಲ್ಲಿ ಕಾವೇರಿಯ ಒಂದು ರೂಪ (5)
8. ಸ್ವರ್ಣಮಂದಿರವಿರುವ ಊರು (5)
10. ರಾಣಿ ಚೆನ್ನಮ್ಮ ಆಳಿದ ಸಂಸ್ಥಾನ (3)
11. 1857ರಲ್ಲಿ ಬಂದೂಕು ತಿರುಗಿಸಿದವ (3)

ಮೇಲಿನಿಂದ ಕೆಳಕ್ಕೆ
1. ಹತ್ತನೆಯ ರಾಶಿ (3)
2. ಶಾಲೆಯ ಲೆಕ್ಕದಲ್ಲಿ ಒಂದು ಬಗೆ (5)
4. ನೇಗಿಲ ಹಿಂದೆ ಹುಳ ಹುಡುಕುತ್ತ ನಡೆವುದು (3)
7. ಹಳ್ಳಿಗನಲ್ಲ (5)
8. ತಾಂಬೂಲದಲ್ಲಿ ಎಲೆಯ ಜೊತೆಗಾರ (3)
9. ಹಬ್ಬದ ದಿನ ಡಬ್ಬಿಯಲ್ಲಿ ಕೈಬದಲಾಗುವ ಸಿಹಿ (3)

ಹೊಸಬರಿಗೆ ಒಂದು ಮಾತು. ಆವರಣದಲ್ಲಿರುವ ಅಂಕಿ ಎಷ್ಟು ಮನೆ ಎಂದು ಹೇಳುತ್ತದೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ. ‘ಬೆಳದಿಂಗಳು’ ಐದು ಮನೆ, ಅದರಲ್ಲಿ ‘ದಿಂ’ ಒಂದೇ ಮನೆ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ಪದಬಂಧ ಕೊಟ್ಟಾಗ ಅವನ ಮನೆಗಳಿಗೆ ಬರಬಹುದಾಗಿದ್ದದ್ದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿದರೇ 442 ಆಗುತ್ತದೆ, ಒತ್ತಕ್ಷರ ಅದರ ಲೆಕ್ಕಕ್ಕಿಲ್ಲ. ಚೌಕ ಹೆಣೆಯುವವರಿಗೆ ಇದು ತಲೆನೋವು. ಬಿಡಿಸುವವರಿಗೆ ಲಾಭ. ಅಡ್ಡ ಸಾಲಿನಿಂದ ಒಂದು ಅಕ್ಷರ ಸಿಕ್ಕಿತೆಂದರೆ ಉದ್ದ ಸಾಲಿನ ಅರ್ಧ ಗುಟ್ಟು ಬಯಲಾದ ಹಾಗೆ.

ನಾನು ಕಾಫಿ ಲೋಟ ಹಿಡಿದು ಪಕ್ಕಕ್ಕೆ ಕೂರುವ ಹೊತ್ತಿಗೆ

ದೊಡ್ಡಮ್ಮ ಐದು ಉತ್ತರ ಬರೆದಾಗಿತ್ತು. 1 ಕೆಳಕ್ಕೆ ಮಕರ. 8 ಬಲಕ್ಕೆ ಅಮೃತಸರ. 8 ಕೆಳಕ್ಕೆ ಅಡಿಕೆ. 10 ಬಲಕ್ಕೆ ಕೆಳದಿ. 4 ಕೆಳಕ್ಕೆ ಕೊಕ್ಕರೆ. ಅಲ್ಲಿಗೆ ನಿಂತಿತ್ತು.

“ಎಡಗಡೆ ಎಲ್ಲ ಸರಾಗ ಬಂತು ಮಾರಾಯ. ಬಲಗಡೆಗೆ ಹೋಗ್ಲಿಕ್ಕೇ ಆಗ್ತಾ ಇಲ್ಲ” ಅಂದರು.

ಬಲಗಡೆಯ ಮೇಲಿನ ಮೂಲೆ ಹೀಗಿತ್ತು. 4 ಕೆಳಕ್ಕೆ ‘ಕೊಕ್ಕರೆ’ ಬಂದದ್ದರಿಂದ 3 ಬಲಕ್ಕೆ ‘ಕೊ’ ಅಕ್ಷರದಲ್ಲಿ ಮುಗಿಯಬೇಕು, 6 ಬಲಕ್ಕೆ ‘ರೆ’ ಅಕ್ಷರದಲ್ಲಿ. ಶಿವನಸಮುದ್ರ, ಕಾವೇರಿ, ಕೊನೆಗೆ ‘ರೆ’. ದೊಡ್ಡಮ್ಮನಿಗೆ ‘ಜಲಧಾರೆ’ ಹೊಳೆದಿತ್ತು. ಬೆರಳು ಮಡಚಿ ಎಣಿಸಿದರೆ ನಾಲ್ಕೇ ಅಕ್ಷರ. ‘ಹಾಲಧಾರೆ’, ‘ಬೆಳ್ಳಿಧಾರೆ’ ಎಂದೆಲ್ಲ ಹುಡುಕಿ, ಬೆಳ್ಳಿಧಾರೆಯೂ ನಾಲ್ಕೇ ಆಗಿ, ಆ ಸಾಲನ್ನು ಬಿಟ್ಟಿದ್ದರು. ಮಳೆಗೆ ಅರಳುವ ಕೊಡೆಗೆ ‘ನಾಯಿಕೊಡೆ’ ನಾಲ್ಕು ಅಕ್ಷರವಾಗಿ ಉದ್ದವಾಗಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ: ಖಾಲಿ ಮನೆಗಳನ್ನು ದಿಟ್ಟಿಸುತ್ತ ಕೂರುವುದು. ನೋಡಬೇಕಾದ್ದು ತುಂಬಿದ ಮನೆಗಳನ್ನು. ಬರೆದಿರುವ ಪ್ರತಿ ಪದಕ್ಕೂ ಒಂದು ಪ್ರಶ್ನೆ ಹಾಕಬೇಕು: ನಿನ್ನ ಪರವಾಗಿ ಸಾಕ್ಷಿ ಯಾರು?

ಅಮೃತಸರಕ್ಕೆ ಸಾಕ್ಷಿ ಬೇಕಿಲ್ಲ, ಸುಳಿವಿನಲ್ಲಿ ಎರಡನೆಯ ಅರ್ಥವೇ ಇಲ್ಲ. ಬರಹ ಮಾತ್ರ ಒಂದು ಕ್ಷಣ ಅನುಮಾನ ತರಿಸುತ್ತದೆ. ಅಮೃತ್‌ಸರ್ ಎಂದೂ ಕೆಲವರು ಬರೆಯುತ್ತಾರೆ, ಆಗ ಮನೆಗಳ ಎಣಿಕೆಯೇ ಬೇರೆ. ಐದು ಮನೆ ಎಂದಿರುವುದರಿಂದ ಅ-ಮೃ-ತ-ಸ-ರ. ಮಕರಕ್ಕೂ ಸಾಕ್ಷಿ ಬೇಡ. ಮೇಷದಿಂದ ಎಣಿಸಿದರೆ ಧನು ಒಂಬತ್ತು, ಮಕರ ಹತ್ತು. ಅಡಿಕೆಗೆ ಮೊದಲ ಅಕ್ಷರ ‘ಅ’ ಅಮೃತಸರದಿಂದ ಸಿಕ್ಕಿದೆ.

ಕೆಳದಿ ಸ್ವಾರಸ್ಯದ ಪ್ರಕರಣ. ‘ರಾಣಿ ಚೆನ್ನಮ್ಮ’ ಎಂದರೆ ರಾಜ್ಯದ ಬಹುಪಾಲು ಜನಕ್ಕೆ ಕಿತ್ತೂರು. 1824ರಲ್ಲಿ ಇಂಗ್ಲಿಷರ ಮೇಲೆ ನಡೆದ ಕಾಳಗ, ಪಾಠಪುಸ್ತಕ, ಬೆಂಗಳೂರಿನಿಂದ ಬೆಳಗಾವಿ ಕಡೆಗೆ ಓಡುವ ರೈಲು, ಎಲ್ಲವೂ ಕಿತ್ತೂರಿನ ಕಡೆಗೇ ಕೈತೋರಿಸುತ್ತವೆ. ಅದೂ ಮೂರಕ್ಷರ: ಕಿ-ತ್ತೂ-ರು. ದೊಡ್ಡಮ್ಮ ಅದನ್ನು ಯೋಚಿಸಲೇ ಇಲ್ಲ. ಅವರಿಗೆ ಚೆನ್ನಮ್ಮ ಎಂದರೆ ಸಾಗರ ತಾಲ್ಲೂಕಿನ ಕೆಳದಿಯವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯಕ್ಕೆ ಬಗ್ಗದವಳು.

“ಕಿತ್ತೂರೂ ಆಗಬಹುದಲ್ಲ ದೊಡ್ಡಮ್ಮ?”

“ಅದು ಆಚೆಯವ್ರದ್ದು. ಇದು ನಮ್ಮದು.”

ಊರಿನ ಅಭಿಮಾನ ಸಾಕ್ಷಿಯಾಗುವುದಿಲ್ಲ. ಬೆಳಗಾವಿಯಲ್ಲಿ ಕೂತು ಇದೇ ಪದಬಂಧ ಬಿಡಿಸುವವರು ಅಷ್ಟೇ ಧೈರ್ಯವಾಗಿ ಕಿತ್ತೂರು ಬರೆದಿರುತ್ತಾರೆ. ಇಲ್ಲಿ ತೀರ್ಪು ಕೊಟ್ಟದ್ದು ಅಡಿಕೆ. ಅದರ ಕೊನೆಯ ‘ಕೆ’ ಮತ್ತು 10 ಬಲಕ್ಕೆಯ ಮೊದಲ ಮನೆ ಒಂದೇ. ಎರಡು ಉತ್ತರಗಳೂ ಕಕಾರದಲ್ಲೇ ಶುರುವಾಗುತ್ತವೆ. ಬರೀ ವ್ಯಂಜನ ಸಿಕ್ಕಿದ್ದರೆ ಜಗಳ ತೀರುತ್ತಿರಲಿಲ್ಲ, ಗುಣಿತವೂ ಸಿಕ್ಕಿದ್ದರಿಂದ ತೀರಿತು. ‘ಕಿ’ ಅಲ್ಲ, ‘ಕೆ’. ಪದಬಂಧ ಮಾಡಿದವರು ಇಬ್ಬರು ಚೆನ್ನಮ್ಮರನ್ನು ಬೇಕೆಂದೇ ಎದುರಿಟ್ಟಿದ್ದಾರೆ, ದಾರಿಯನ್ನೂ ತೋರಿಸಿದ್ದಾರೆ. ಅವತ್ತಿನ ಸುಳಿವುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಉಳಿದದ್ದು ಕೊಕ್ಕರೆ. ಅದಕ್ಕೆ ಎರಡು ಕಡೆ ಅಡ್ಡ ಸಾಲು ಕೂಡುತ್ತದೆ. ಎರಡೂ ಖಾಲಿ. ಬರೆದಿರುವ ಐದು ಪದಗಳಲ್ಲಿ, ಸುಳಿವಿಗೆ ಬೇರೆ ಉತ್ತರ ಸಾಧ್ಯವಿದ್ದೂ ಪಕ್ಕದ ಒಂದು ಅಕ್ಷರದ ಬೆಂಬಲವೂ ಇಲ್ಲದೆ ನಿಂತಿರುವುದು ಅದೊಂದೇ. ಸಾಲದ್ದಕ್ಕೆ ಅದು 3 ಬಲಕ್ಕೆಯ ಕೊನೆಗೆ ‘ಕೊ’ ತಂದು ಕೂರಿಸಿದೆ. ಕನ್ನಡದ ಮಾತುಗಳು ಹೆಚ್ಚಾಗಿ ಅ, ಇ, ಉ, ಎ ಸ್ವರಗಳಲ್ಲಿ ಮುಗಿಯುತ್ತವೆ. ಮನೆ, ಮರ, ಕಾಡು, ಗಿಳಿ. ಹ್ರಸ್ವ ಒಕಾರದಲ್ಲಿ ಮುಗಿಯುವುದು ರೇಡಿಯೊ, ಫೋಟೊ, ಆಟೊ ಥರ ಹೊರಗಿನಿಂದ ಬಂದವು. ಮಳೆಗೆ ಅರಳುವ ಯಾವ ಕೊಡೆಯ ಹೆಸರು ‘ಕೊ’ ಎಂದು ಮುಗಿದೀತು? ಕೊನೆಯ ಮನೆಯಲ್ಲಿ ಕೊ, ಮೊ, ಹೊ ಥರದ್ದು ಕಂಡರೆ ಉತ್ತರ ಹುಡುಕುವುದನ್ನು ನಿಲ್ಲಿಸಿ ಅದನ್ನು ತಂದ ಪದವನ್ನು ಹಿಡಿಯಬೇಕು. ಈ ಒಂದು ಪರೀಕ್ಷೆ ಎಷ್ಟೋ ಸಲ ಅರ್ಧ ಗಂಟೆ ಉಳಿಸುತ್ತದೆ.

“ಕೊಕ್ಕರೆ ತೆಗೀರಿ ದೊಡ್ಡಮ್ಮ.”

“ತೆಗೆಯೋದು ಹ್ಯಾಗೆ, ಪೆನ್ನಲ್ಲಿ ಬರ್ದಾಗಿದೆ” ಅಂದರು. ಆಮೇಲೆ ಮೂರೂ ಮನೆಯ ಮೇಲೆ ಓರೆ ಗೆರೆ ಎಳೆದು, “ನೇಗಿಲ ಹಿಂದೆ ಹೋಗೋದು ಕೊಕ್ಕರೆ ಅಲ್ದೆ ಇನ್ನೆಂತದು? ಕಾಗೆಯಾ?” ಎಂದು ಗೊಣಗಿದರು.

ಗಂಟು ಬಿಚ್ಚಿಕೊಂಡದ್ದು

ಕೊಕ್ಕರೆ ಹೋದ ಮೇಲೆ 6 ಬಲಕ್ಕೆ ಪೂರಾ ಖಾಲಿ. ಈಗ ‘ರೆ’ ಹಂಗಿಲ್ಲ, ಸುಳಿವನ್ನು ಹೊಸದಾಗಿ ಓದಬಹುದು. ಶಿವನಸಮುದ್ರದಲ್ಲಿ ಕಾವೇರಿ ಕವಲಾಗಿ ಎರಡು ಕಡೆ ಧುಮುಕುತ್ತದೆ. ಮಂಡ್ಯ ಜಿಲ್ಲೆಯ ಕಡೆಗೆ ಗಗನಚುಕ್ಕಿ, ಚಾಮರಾಜನಗರ ಜಿಲ್ಲೆಯ ಕಡೆಗೆ ಭರಚುಕ್ಕಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಈ ಜಾಗದಿಂದ. ‘ಒಂದು ರೂಪ’ ಅಂದರೆ ಎರಡರಲ್ಲಿ ಒಂದು. ಯಾವುದು? ಆವರಣದ ಅಂಕಿಯೇ ಹೇಳುತ್ತದೆ: ಭ-ರ-ಚು-ಕ್ಕಿ ನಾಲ್ಕು, ಗ-ಗ-ನ-ಚು-ಕ್ಕಿ ಐದು. ದೊಡ್ಡಮ್ಮ ‘ಜಲಧಾರೆ’ಯಂಥ ಸಾಮಾನ್ಯ ಹೆಸರಿಗೆ ಬಿದ್ದದ್ದು ‘ರೆ’ ದೆಸೆಯಿಂದ. ಅದಿಲ್ಲದಿದ್ದರೆ ಈ ಜಾಗದ ಹೆಸರು ಹೇಳಲು ಅವರಿಗೆ ಯಾರೂ ಬೇಕಿರಲಿಲ್ಲ. ನಾನು ಬಾಯಿ ತೆಗೆಯುವ ಮೊದಲೇ ಬರೆದಾಗಿತ್ತು.

ಗಗನಚುಕ್ಕಿ ಈ ಚೌಕದ ಬೆನ್ನುಮೂಳೆ. ಮೂರು ಉದ್ದ ಸಾಲಿಗೆ ಒಂದೊಂದು ಅಕ್ಷರ ಕೊಡುತ್ತದೆ: 2 ಕೆಳಕ್ಕೆ ‘ಗ’, 7 ಕೆಳಕ್ಕೆ ‘ನ’, 4 ಕೆಳಕ್ಕೆ ‘ಕ್ಕಿ’. ಮೊದಲ ಸುತ್ತಿನಲ್ಲಿ ಅಂಕಿಯ ಕ್ರಮ ಹಿಡಿಯದೆ ಉದ್ದನೆಯ ಪದಗಳಿಗೆ ಕೈ ಹಾಕಬೇಕು ಅನ್ನುವುದು ಇದಕ್ಕೇ. ಮೂರಕ್ಷರದ ಪದ ಗೆದ್ದರೆ ಸಿಗುವುದು ಒಂದೋ ಎರಡೋ ಅಕ್ಷರದ ನೆರವು. ಐದರದ್ದು ಗೆದ್ದರೆ ಅರ್ಧ ಚೌಕ ಅಲುಗಾಡುತ್ತದೆ.

ಒತ್ತಕ್ಷರದ ಬೆಲೆ ಎಷ್ಟು ಅನ್ನುವುದಕ್ಕೆ ಆ ‘ಕ್ಕಿ’ ನೋಡಿ. ‘ಕ್ಕಿ’ ಎಂದು ಮುಗಿಯುವ ಮೂರಕ್ಷರದ ಹೆಸರುಗಳು ಎಷ್ಟಿವೆ? ಏಲಕ್ಕಿ, ಮಂಡಕ್ಕಿ, ಹಾಲಕ್ಕಿ, ಬೆಳ್ಳಕ್ಕಿ… ಇನ್ನೆರಡು ಮೂರು ಸಿಕ್ಕಾವು. ಇವುಗಳಲ್ಲಿ ನೇಗಿಲ ಹಿಂದೆ ನಡೆಯುವುದು ಒಂದೇ.

“ಬೆಳ್ಳಕ್ಕಿ!” ಅಂದರು ದೊಡ್ಡಮ್ಮ. “ನಮ್ಮ ಗದ್ದೇಲಿ ದಿನಾ ನೋಡೋದು. ಬಾಯಿಗೆ ಬಂದದ್ದು ಮಾತ್ರ ಕೊಕ್ಕರೆ.”

ಗೀಚಿದ ಮನೆಗಳೊಳಗೆ ಸಣ್ಣಕ್ಕೆ ಬೆಳ್ಳಕ್ಕಿ ತುರುಕಿದರು. ಅದರ ‘ಬೆ’ 3 ಬಲಕ್ಕೆಯ ಕೊನೆಗೆ ಬಂತು. ಅಣಬೆ. ಇದರಲ್ಲೊಂದು ತಮಾಷೆ ಇದೆ. ಅಣಬೆ ಅವರಿಗೆ ಮೊದಲೇ ಹೊಳೆದಿತ್ತಂತೆ. “ಕೊನೇಲಿ ಕೊ ಇತ್ತಲ್ಲ, ಅದ್ಕೆ ಆಗೋದಿಲ್ಲ ಅಂತ ಬಿಟ್ಟೆ.” ಸರಿಯಾದ ಉತ್ತರ ಬಾಗಿಲಿಗೆ ಬಂದು, ತಪ್ಪು ಉತ್ತರ ಒಳಗೆ ಕೂತಿದ್ದರಿಂದ ವಾಪಸ್ ಹೋಗಿತ್ತು. ಹೊಳೆದ ಉತ್ತರ ಅಕ್ಷರ ಕೂಡದೆ ಬಿಟ್ಟುಹೋದಾಗ ಅದನ್ನು ಪೇಪರ್ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಂಚಿನಲ್ಲಿ ‘ಅಣಬೆ’ ಇದ್ದಿದ್ದರೆ, ಹತ್ತಿರದಲ್ಲೇ ‘ಗಗನಚುಕ್ಕಿ’ಯೂ ಹೊಳೆದಿದ್ದರೆ, ಎರಡೂ ಸೇರಿ ಕೊಕ್ಕರೆಯನ್ನು ತಾವಾಗಿಯೇ ಹೊರಗೆ ಹಾಕುತ್ತಿದ್ದವು.

ಲೆಕ್ಕವೂ ಕಣಜವೂ

ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ಬೇರೆ ಬಗೆಯ ತೊಡಕು. 2 ಕೆಳಕ್ಕೆ, ಶಾಲೆಯ ಲೆಕ್ಕದಲ್ಲಿ ಒಂದು ಬಗೆ, ಐದು ಅಕ್ಷರ. ಏನೂ ನೆರವಿಲ್ಲದೆ ಯೋಚಿಸಿದರೆ ನಾಲ್ಕು ಬರುತ್ತವೆ: ಅಂಕಗಣಿತ, ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ. ನಾಲ್ಕೂ ಐದೈದು ಅಕ್ಷರ! ಬೇಕಿದ್ದರೆ ಎಣಿಸಿ ನೋಡಿ. ಹೈಸ್ಕೂಲಿನ ಗಣಿತವೆಲ್ಲ ಐದು ಮನೆಯಲ್ಲಿ ಕೂರುವಂಥದ್ದು ಎಂದು ನನಗೂ ಅವತ್ತೇ ಗೊತ್ತಾದದ್ದು.

ಕೂಡುವ ಅಕ್ಷರಗಳು ಈಗ ಎರಡಿವೆ. ಮೂರನೆಯ ಮನೆಗೆ ಗಗನಚುಕ್ಕಿಯ ‘ಗ’. ಐದನೆಯ ಮನೆಗೆ ಅಮೃತಸರದ ‘ತ’. ತ್ರಿಕೋನಮಿತಿ ಎರಡು ಕಡೆಯಲ್ಲೂ ಸೋತಿತು. ಮೂರನೆಯದು ‘ನ’, ಐದನೆಯದು ‘ತಿ’. ಉಳಿದ ಮೂರಕ್ಕೂ ಬಾಲ ಒಂದೇ, ‘ಗಣಿತ’.

ಇಂಥಲ್ಲಿ ಪೂರ್ತಿ ಪದ ಗೊತ್ತಾಗುವ ತನಕ ಕಾಯುವುದು ವ್ಯರ್ಥ. ಗೊತ್ತಿರುವಷ್ಟನ್ನು ಬರೆದುಬಿಡಬೇಕು. ನಾಲ್ಕನೆಯ ಮನೆಯ ‘ಣಿ’ ಈಗಲೇ ಬರೆಯಬಹುದು, ಮೇಲಿನ ಎರಡು ಮನೆ ಬಿಟ್ಟರಾಯಿತು. ದೊಡ್ಡಮ್ಮನಿಗೆ ಇದು ಒಗ್ಗುವುದಿಲ್ಲ. ಅರ್ಧ ಬರೆದ ಪದ ಅವರ ಕಣ್ಣಿಗೆ ಅರ್ಧ ಗುಡಿಸಿದ ಅಂಗಳದ ಹಾಗೆ. ಆದರೂ ಬರೆದರು.

ಇನ್ನು ತೀರ್ಮಾನ ಎರಡನೆಯ ಮನೆಯಲ್ಲಿ. ಅಲ್ಲಿ ಬರಬಹುದಾದ್ದು ಮೂರೇ ಅಕ್ಷರ: ‘ಕ’, ‘ಜ’, ‘ಖಾ’. ಆ ಮನೆಯೇ 5 ಬಲಕ್ಕೆಯ ಕೊನೆಯ ಮನೆ. ಧಾನ್ಯ ತುಂಬಿಡುವ ಜಾಗ, ಮೂರಕ್ಷರ.

ದೊಡ್ಡಮ್ಮ ಮೊದಲಿಂದಲೂ ‘ಪಣತ’ ಎನ್ನುತ್ತಿದ್ದರು. ಮಲೆನಾಡಿನ ಹಳೆಯ ಮನೆಗಳಲ್ಲಿ ಭತ್ತ ತುಂಬುವ ಮರದ ಪಣತ ಇದ್ದೇ ಇರುತ್ತದೆ, ಅವರ ಮನೆಯಲ್ಲೂ ಒಂದಿದೆ. ಈಗ ಅದರೊಳಗೆ ಹಳೆಯ ಕಂಬಳಿ, ಮೇಲೆ ಟೀವಿ. ಬಯಲುಸೀಮೆಯವರು ‘ಹಗೇವು’ ಎನ್ನುತ್ತಿದ್ದರು, ನೆಲದೊಳಗೆ ತೋಡಿದ ಜೋಳದ ಗುಂಡಿ. ಇನ್ನೊಬ್ಬರಿಗೆ ‘ಉಗ್ರಾಣ’. ಮೂರೂ ಮೂರಕ್ಷರ, ಮೂರೂ ಸುಳಿವಿಗೆ ಸರಿ. ಚೌಕ ಮಾತ್ರ ಯಾವುದನ್ನೂ ಒಪ್ಪುವುದಿಲ್ಲ. ಮಕರದ ನಡುವಿನ ‘ಕ’ ಈ ಪದದ ಮೊದಲ ಅಕ್ಷರ. ಕೊನೆಯ ಅಕ್ಷರ ಕ, ಜ, ಖಾ ಇವುಗಳಲ್ಲೊಂದು. ಖಾ ಎಂದು ದೀರ್ಘದಲ್ಲಿ ಮುಗಿಯುವುದು ಕಡಿಮೆ, ಅದನ್ನು ಬದಿಗಿಡಬಹುದು. ‘ಕ-ಏನೋ-ಕ’ ಅಂದರೆ ಕನಕ, ಕಟಕ, ಧಾನ್ಯದ ಸುದ್ದಿಯಿಲ್ಲ. ‘ಕ-ಏನೋ-ಜ’ ಅಂದರೆ…

“ಕಣಜ” ಅಂದರು. ಅದರ ಬೆನ್ನಿಗೇ, “ಹಾಗಾದ್ರೆ ಬೀಜಗಣಿತ.”

ಒಂದೇ ಮನೆಯಲ್ಲಿ ಎರಡು ಅನಿಶ್ಚಿತ ಉತ್ತರಗಳು ಕೂಡಿ ಎರಡೂ ನಿಶ್ಚಿತವಾದವು. ಲೆಕ್ಕದ ಸುಳಿವೊಂದೇ ಇದ್ದರೆ ನಾಲ್ಕು ಉತ್ತರ, ಧಾನ್ಯದ ಸುಳಿವೊಂದೇ ಇದ್ದರೂ ನಾಲ್ಕು. ಎರಡನ್ನೂ ಒಟ್ಟಿಗೆ ಹಿಡಿದರೆ ಒಂದೇ ಜೋಡಿ ಉಳಿಯುತ್ತದೆ. ನಿಘಂಟು ತೆರೆದು ಧಾನ್ಯದ ಜಾಗಗಳ ಪಟ್ಟಿ ಮಾಡಿದ್ದರೂ ಇಲ್ಲಿಗೆ ಬರುತ್ತಿರಲಿಲ್ಲ, ಪಟ್ಟಿ ಉದ್ದವಾಗುತ್ತಿತ್ತು ಅಷ್ಟೆ. ಗೂಗಲ್‌ನಲ್ಲಿ ಹುಡುಕುವವರಿಗೂ ಇದೇ ಗತಿ. ಅದು ಶಬ್ದ ಕೊಟ್ಟೀತು, ‘ಜ’ ಕೊಡುವುದಿಲ್ಲ.

ನಡುವಿನ ಕಂಬ

7 ಕೆಳಕ್ಕೆ, ‘ಹಳ್ಳಿಗನಲ್ಲ’. ಸುಳಿವಿನ ವ್ಯಾಕರಣ ಗಮನಿಸಬೇಕು. ಏಕವಚನ, ಮನುಷ್ಯ. ಉತ್ತರವೂ ಹಾಗೇ ಇರಬೇಕು. ‘ಹಳ್ಳಿಗರಲ್ಲ’ ಎಂದಿದ್ದರೆ ಕೊನೆಗೆ ‘ರು’ ನಿರೀಕ್ಷಿಸಬಹುದಿತ್ತು. ಒಳ್ಳೆಯ ಪದಬಂಧಕಾರರು ಈ ವಿಷಯದಲ್ಲಿ ಮೋಸ ಮಾಡುವುದಿಲ್ಲ. ಸುಳಿವು ಬಹುವಚನವಾದರೆ ಉತ್ತರ ಬಹುವಚನ, ಸುಳಿವು ಕ್ರಿಯಾಪದವಾದರೆ ಉತ್ತರ ಕ್ರಿಯಾಪದ. ಕನ್ನಡದಲ್ಲಿ ದಶಕಗಳಿಂದ ಪದಬಂಧ ರಚಿಸುತ್ತ ಬಂದಿರುವ ಅ.ನಾ. ಪ್ರಹ್ಲಾದರಾವ್ ಅವರಂಥವರಿಂದ ಹಿಡಿದು ಇವತ್ತು ಹೆಸರು ಹಾಕಿಕೊಳ್ಳದೆ ದಿನಕ್ಕೊಂದು ಹೆಣೆಯುವವರ ತನಕ, ಓದುಗರ ಜೊತೆ ಮಾಡಿಕೊಂಡ ಅಲಿಖಿತ ಕರಾರು ಇದು.

ದೊಡ್ಡಮ್ಮನ ಬಾಯಲ್ಲಿ ಇದ್ದದ್ದು ‘ಪೇಟೆಯವನು’. ಐದಕ್ಷರ, ಏಕವಚನ, ಮನುಷ್ಯ, ಎಲ್ಲ ಸರಿ. ಆದರೆ ಗಗನಚುಕ್ಕಿಯ ‘ನ’ ಮೊದಲಿಗೆ ಕೂತಿದೆ, ಅಮೃತಸರದ ‘ರ’ ಮೂರನೆಯ ಮನೆಯಲ್ಲಿದೆ. ನ-ಏನೋ-ರ. ‘ನಗರ’ ಎಂದು ತಕ್ಷಣ ಕಾಣುತ್ತದೆ, ‘ಗ’ ಬರೆಯಬಹುದು. ಬಾಲ ಯಾವುದು? ‘ನಗರದವ’ ಸರಿಯಾಗಿ ಐದು. ‘ನಗರವಾಸಿ’ಯೂ ಐದು. ಬಾಲದ ಎರಡು ಮನೆಗಳಲ್ಲಿ ಮೊದಲನೆಯದಕ್ಕೆ ಯಾವ ಅಡ್ಡ ಸಾಲೂ ಕೂಡುವುದಿಲ್ಲ. ಕೊನೆಯದು 11 ಬಲಕ್ಕೆಯ ಮೊದಲ ಮನೆ. ‘ವ’ ಆಗಬೇಕು, ಇಲ್ಲವೇ ‘ಸಿ’.

1857ರಲ್ಲಿ ಬಂದೂಕು ತಿರುಗಿಸಿದವ. ಸೈನಿಕ ಎಂದುಕೊಂಡರೆ ಮೂರಕ್ಷರ ಸರಿ, ಆದರೆ ನಗರದ ಮುಂದೆ ‘ಸೈ’ ಎಂದು ಮುಗಿಯುವ ಮನುಷ್ಯ ಸಿಗಲಾರ. ಆ ವರ್ಷದ ದಂಗೆಗೆ ಹೆಸರು ಬಂದದ್ದೇ ಸಿಪಾಯಿಗಳಿಂದ. ಸಿಪಾಯಿ ಬರೆದರು, ನಗರವಾಸಿ ಪೂರ್ತಿಯಾಯಿತು. ಇಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಉಳಿದದ್ದು ಬಲಗಡೆಯ ಕೆಳಮೂಲೆ, 9 ಕೆಳಕ್ಕೆ. ಡಬ್ಬಿಯಲ್ಲಿ ಕೈಬದಲಾಗುವ ಸಿಹಿ. ಜಿಲೇಬಿ, ಹೋಳಿಗೆ, ಪಾಯಸ, ಯಾವುದು ಬೇಕಾದರೂ ಮೂರಕ್ಷರ. ಪಾಯಸ ಡಬ್ಬಿಯಲ್ಲಿ ಕೊಡುವುದು ನಮ್ಮಲ್ಲಿ ಅಕ್ಕಪಕ್ಕದವರಿಗೆ ಮಾತ್ರ. ಸಿಪಾಯಿಯ ‘ಯಿ’ ಕೊನೆಗೆ ಬಂದಿರುವುದರಿಂದ ಮಿಠಾಯಿ. ಚೌಕ ತುಂಬಿತು:

ಮ ■ ಬೀ ■ ಅ ಣ ಬೆ
ಕ ಣ ಜ ■ ■ ■ ಳ್ಳ
ರ ■ ಗ ಗ ನ ಚು ಕ್ಕಿ
■ ■ ಣಿ ■ ಗ ■ ■
ಅ ಮೃ ತ ಸ ರ ■ ಮಿ
ಡಿ ■ ■ ■ ವಾ ■ ಠಾ
ಕೆ ಳ ದಿ ■ ಸಿ ಪಾ ಯಿ

ಪದಬಂಧದ ಮೇಲೆ ಎರಡು ಮಾತು

ಬಿಡಿಸಿದ ಮೇಲೆ ಪದಬಂಧವನ್ನು ತೂಗಿ ನೋಡುವುದು ನನಗಿಷ್ಟ. ಇದರಲ್ಲಿ 32 ಮನೆ, ಅವುಗಳಲ್ಲಿ ಅಡ್ಡ ಉದ್ದ ಎರಡೂ ಕೂಡುವ ಮನೆ 12. ಉಳಿದ 20 ಮನೆಗಳಿಗೆ ಒಂದೇ ಸಾಲಿನ ಆಸರೆ. ಅಮೆರಿಕದ ಪತ್ರಿಕೆಗಳ ಪದಬಂಧದಲ್ಲಿ ಪ್ರತಿ ಅಕ್ಷರವೂ ಎರಡು ಪದಕ್ಕೆ ಸೇರಿರುತ್ತದೆ. ಅದನ್ನು ಕನ್ನಡಕ್ಕೆ ತರಲು ಹೋಗಬಾರದು, ನಮ್ಮ ಅಕ್ಷರಗಳ ಸಂಖ್ಯೆಗೆ ಅದು ಒಗ್ಗುವುದಿಲ್ಲ. ಬಲವಂತ ಮಾಡಿದರೆ ಯಾರೂ ಆಡದ ಶಬ್ದಗಳನ್ನು ತುಂಬಬೇಕಾಗುತ್ತದೆ. ಹನ್ನೆರಡು ಕೂಡುಮನೆ ಸಾಕು, ಅವು ಎಲ್ಲಿ ಬೀಳುತ್ತವೆ ಅನ್ನುವುದು ಮುಖ್ಯ. ಎರಡು ಉತ್ತರ ಸಾಧ್ಯವಿರುವ ಪದಕ್ಕೆ, ಆ ಎರಡೂ ಬೇರೆಯಾಗುವ ಅಕ್ಷರದ ಮೇಲೇ ಕೂಡುಮನೆ ಇರಬೇಕು. ಕೆಳದಿ ಮತ್ತು ಕಿತ್ತೂರು ಬೇರೆಯಾಗುವುದು ಮೊದಲ ಮನೆಯಲ್ಲಿ. ಅಲ್ಲಿ ಕೂಡುಮನೆ ಇದೆ. ನಗರದವ ಮತ್ತು ನಗರವಾಸಿ ಬೇರೆಯಾಗುವ ಎರಡು ಮನೆಗಳಲ್ಲಿ ಒಂದು ಕೂಡುಮನೆ. ಬೀಜಗಣಿತದ ಎರಡನೆಯ ಮನೆ ಹಾಗೆಯೇ. ಇಷ್ಟು ಕಡೆ ಕೈ ಪಳಗಿದವರ ಕೆಲಸ ಕಾಣುತ್ತದೆ.

ಮಿಠಾಯಿಯ ಮೂಲೆ ಮಾತ್ರ ನನಗೆ ಸೇರಲಿಲ್ಲ. ಮೂರು ಮನೆಯಲ್ಲಿ ಒಂದಕ್ಕೇ ನೆರವು, ಅದೂ ಕೊನೆಯ ಅಕ್ಷರಕ್ಕೆ. ಅಲ್ಲದೆ ಆ ನೆರವು ಬರಬೇಕಾದ್ದು ಸಿಪಾಯಿಯಿಂದ, ಸಿಪಾಯಿಗೆ ನೆರವು ಬರಬೇಕಾದ್ದು ನಗರವಾಸಿಯಿಂದ. ನಗರದವ ಎಂದು ಬರೆದು ಕೂತವರಿಗೆ ಆ ಮೂಲೆ ಪೂರಾ ಮುಚ್ಚಿಹೋಗುತ್ತದೆ, ಒಳಗೆ ಹೋಗಲು ಇನ್ನೊಂದು ದಾರಿಯಿಲ್ಲ. ಅಂಥ ಮೂಲೆಗೆ ಸುಳಿವಾದರೂ ಸ್ವಲ್ಪ ಬಿಚ್ಚಿ ಹೇಳಬೇಕಿತ್ತು.

ಇನ್ನೊಂದು ಸಣ್ಣ ತಕರಾರು ಮಾರನೆಯ ದಿನ ಎದ್ದಿತು. ಉತ್ತರದ ಚೌಕದಲ್ಲಿ ನಮ್ಮ 32 ಮನೆಗಳಲ್ಲಿ 31 ಕೂಡಿದವು. 8 ಕೆಳಕ್ಕೆ ‘ಅಡಕೆ’ ಎಂದು ಅಚ್ಚಾಗಿತ್ತು. ಎರಡೂ ರೂಢಿಯಲ್ಲಿವೆ. ನಡುವಿನ ಆ ಮನೆಗೆ ಅಡ್ಡ ಸಾಲು ಯಾವುದೂ ಕೂಡುವುದಿಲ್ಲವಾದ್ದರಿಂದ ‘ಡಿ’ಯೋ ‘ಡ’ವೋ ಎಂದು ಚೌಕದೊಳಗಿನಿಂದ ತಿಳಿಯಲು ಸಾಧ್ಯವೇ ಇಲ್ಲ. ಬಹುಮಾನದ ಪದಬಂಧವಾಗಿದ್ದರೆ ಇಷ್ಟಕ್ಕೇ ಒಂದು ಅಂಚೆ ಚೀಟಿ ದಂಡವಾಗುತ್ತಿತ್ತು. ಎರಡು ಬಗೆಯಲ್ಲಿ ಬರೆಯುವ ಶಬ್ದವನ್ನು ಹಾಕುವವರು ಆ ಅಕ್ಷರಕ್ಕೊಂದು ಕೂಡುಮನೆ ಇಡಬೇಕು, ಇಲ್ಲದಿದ್ದರೆ ಎರಡನ್ನೂ ಸರಿ ಎನ್ನಬೇಕು.

ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಮೇಲೆ ಸರಿಸಿ ನೋಡಿ, “ಧಾರಣೆ ಪಟ್ಟೀಲಿ ಇದೇ ಪೇಪರಿನೋರು ಅಡಿಕೆ ಅಂತ ಹಾಕ್ತಾರೆ, ನಿನ್ನೇದು ತೆಗೆದು ನೋಡು” ಎಂದು ಒಳಗಿಂದ ಹಳೆ ಪೇಪರ್ ತರಿಸಿದರು. ಅವರು ಹೇಳಿದ್ದು ಹೌದಾಗಿತ್ತು. ಉತ್ತರದ ಚೌಕದ ‘ಡ’ ಮೇಲೆ ಬಾಲ್‌ಪೆನ್ನಿನಲ್ಲೇ ಒಂದು ಗುಡಿಸು ಎಳೆದು, ಅವತ್ತಿನ ಹೊಸ ಪದಬಂಧಕ್ಕೆ ಪುಟ ಮಡಚಿದರು.